ಸೋಲ್‌ನಲ್ಲಿ ಸೈರನ್ ಕೂಗಿದರೆ: ಓದುಗರ ಪ್ರಶ್ನೆ, ನನ್ನ ಉತ್ತರ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಉತ್ತರ ಭಾಗದಲ್ಲಿ ಸಂಸಾರ ಹೂಡಿದ್ದ ದಿನಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಇವು.

ಪ್ರಶ್ನೆ: ಮಗನಿಗೆ ಸೋಲ್ ಹತ್ತಿರದ ಸುವೊನ್‌ನಲ್ಲಿ ಕೆಲಸ ಸಿಕ್ಕಿದೆ. ಟಿ.ವಿ. ಹಾಕಿದರೆ ಸಾಕು, ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿತು ಅಂತಾರೆ. ಕಳಿಸಲೋ ಬೇಡವೋ?
— ಒಬ್ಬ ತಾಯಿ, ಹಾಸನ

ಉತ್ತರ: ಕಳಿಸಿ ಅಮ್ಮ. ನಮ್ಮ ಚಾನೆಲ್‌ಗಳು ಕಿರುಚುವಷ್ಟು ಅಲ್ಲಿನವರೇ ಕಿರುಚುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿದ್ದ ತರಕಾರಿ ಅಂಗಡಿಯ ಅಜ್ಜಿ, ಕ್ಷಿಪಣಿ ಸುದ್ದಿ ಬರುತ್ತಿರುವಾಗಲೂ ಮೂಲಂಗಿ ತೂಗುವ ಕೈ ನಿಲ್ಲಿಸಿದವರಲ್ಲ.

ಹಾಗಂತ ಯಾರೂ ಮರೆತಿಲ್ಲ. ಸೋಲ್‌ನಿಂದ ಗಡಿಗೆ ಹೆಚ್ಚುಕಡಿಮೆ 50 ಕಿ.ಮೀ. ಅಷ್ಟೆ. ಕೊರಿಯಾ ಯುದ್ಧದಲ್ಲಿ 1953ರ ಜುಲೈ 27ರಂದು ಆದದ್ದು ಕದನವಿರಾಮ, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಎಚ್ಚರವೆಲ್ಲ ಕಾಂಕ್ರೀಟಿನೊಳಗೆ ಹೋಗಿ ಕೂತಿದೆ. ಹಾನ್ ನದಿಯ ಮೇಲೆ 1976ರಲ್ಲಿ ಕಟ್ಟಿದ ಜಾಮ್ಸು ಸೇತುವೆಯನ್ನೇ ನೋಡಿ. ಮಳೆ ಜೋರಾದರೆ ಮುಳುಗಿಯೇ ಹೋಗುವಷ್ಟು ತಗ್ಗಿನಲ್ಲಿದೆ. ಬಾಂಬು ಬಿದ್ದರೂ ಬೇಗ ರಿಪೇರಿ ಮಾಡಬೇಕೆಂಬ ಲೆಕ್ಕಾಚಾರ ಅದು. ದೊಬೊಂಗ್ ಎಂಬಲ್ಲಿ ಟ್ಯಾಂಕುಗಳನ್ನು ತಡೆಯಲು ಕಟ್ಟಿದ ಕೋಟೆಯಂಥ ಗೋಡೆಯ ಮೇಲೆಯೇ ಮನೆಗಳಿದ್ದವು. ಕೆಳಗೆ ಬಂದೂಕಿನ ಕಿಂಡಿ, ಮೇಲೆ ಬಟ್ಟೆ ಒಣಗುವ ಬಾಲ್ಕನಿ. ಈಗ ಅಲ್ಲಿ ಕಲಾವಿದರ ಸ್ಟುಡಿಯೋಗಳಿವೆ. ಮಾಲ್ ಇರುವ, 555 ಮೀಟರ್ ಎತ್ತರದ ಲೋಟೆ ಕಂಪನಿಯ ಗೋಪುರ ಕಟ್ಟುವುದಕ್ಕಾಗಿ ವಾಯುಪಡೆಯ ರನ್‌ವೇಯನ್ನೇ ಸುಮಾರು 3 ಡಿಗ್ರಿ ತಿರುಗಿಸಿದರು. ಸೈನ್ಯ ಮಾಲ್‌ಗೆ ದಾರಿ ಬಿಟ್ಟುಕೊಟ್ಟ ಅಪರೂಪದ ಪ್ರಸಂಗ!

ಮಗನಿಗೆ ಒಂದೇ ಮಾತು ಹೇಳಿ: ಮನೆಗೆ ಹತ್ತಿರದ ಆಶ್ರಯತಾಣ ಯಾವುದೆಂದು ಮೊದಲ ವಾರವೇ ತಿಳಿದುಕೊಳ್ಳಲಿ. ಬಹುತೇಕ ಅದು ಮೆಟ್ರೊ ನಿಲ್ದಾಣವೋ ನೆಲಮಾಳಿಗೆಯ ಪಾರ್ಕಿಂಗೋ ಆಗಿರುತ್ತದೆ. 2023ರ ಮೇ 31ರ ಬೆಳಿಗ್ಗೆ 6:41ಕ್ಕೆ ಸೋಲ್‌ನ ಮೊಬೈಲುಗಳೆಲ್ಲ ಒಟ್ಟಿಗೆ ಅರಚಿದವು: ಸ್ಥಳಾಂತರಕ್ಕೆ ಸಿದ್ಧರಾಗಿ, ಮಕ್ಕಳನ್ನೂ ವೃದ್ಧರನ್ನೂ ಮೊದಲು ಕಳಿಸಿ. ಯಾಕೆ, ಎಲ್ಲಿಗೆ ಎನ್ನುವುದು ಅದರಲ್ಲಿ ಇರಲಿಲ್ಲ. ಉತ್ತರದವರು ಉಪಗ್ರಹ ಹೊತ್ತ ರಾಕೆಟ್ ಹಾರಿಸಿದ್ದರು, ಅದು ಸಮುದ್ರಕ್ಕೆ ಬಿತ್ತು. 22 ನಿಮಿಷದ ಮೇಲೆ ಗೃಹ ಇಲಾಖೆಯಿಂದ ಇನ್ನೊಂದು ಸಂದೇಶ ಬಂತು: ಎಚ್ಚರಿಕೆ ತಪ್ಪಾಗಿ ಹೋಗಿದೆ. ಜನ ಬೈದುಕೊಂಡೇ ಆಫೀಸಿಗೆ ಹೋದರು.

ಇನ್ನೊಂದು. ಅಲ್ಲಿಯ ಗಂಡುಮಕ್ಕಳಿಗೆ ಸೇನಾಸೇವೆ ಕಡ್ಡಾಯ; ನಿಮ್ಮ ಮಗ ಸೈನ್ಯಕ್ಕೆ ಸೇರಬೇಕಾಗಿಲ್ಲ. ಆದರೆ ಜೊತೆಯಲ್ಲಿ ಕೆಲಸ ಮಾಡುವ ಹುಡುಗರು ಬಹುಪಾಲು ಭೂಸೇನೆಯಲ್ಲಿ 18 ತಿಂಗಳು ಇದ್ದು ಬಂದವರೇ. ನಡುನಡುವೆ ಮೀಸಲು ಪಡೆಯ ತರಬೇತಿಗೆಂದು ರಜೆ ಹಾಕುತ್ತಾರೆ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಅಷ್ಟು ಮುಂದಿರುವ ದೇಶದಲ್ಲಿ ಗೂಗಲ್ ಮ್ಯಾಪ್ ದಾರಿ ತೋರಿಸಲಿಲ್ಲವೆಂದು ಬರೆದಿದ್ದಿರಿ. ನಿಜವೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ನಾನಿದ್ದಾಗಿನ ಮಾತು ನಿಜ. 1:5,000 ಪ್ರಮಾಣದ ನಿಖರ ನಕಾಶೆಯನ್ನು ದೇಶದ ಹೊರಗಿನ ಸರ್ವರ್‌ಗೆ ಕೊಡಲು ಸರ್ಕಾರ 2007ರಲ್ಲೂ 2016ರಲ್ಲೂ ಒಪ್ಪಲಿಲ್ಲ. ಸೇನಾ ನೆಲೆಗಳ ಜಾಗ ಉತ್ತರ ಕೊರಿಯಾಕ್ಕೆ ಸುಲಭವಾಗಿ ಸಿಕ್ಕೀತು ಎಂಬುದು ಕಾರಣ. ಅಲ್ಲಿನವರೆಲ್ಲ ನೇವರ್ ಇಲ್ಲವೇ ಕಕಾವೊ ಮ್ಯಾಪ್ ಬಳಸುತ್ತಾರೆ. ಸ್ಥಳೀಯ ಕಂಪನಿಗಳಿಗೆ ಇದರಿಂದ ಲಾಭವಾಗಿಲ್ಲ ಅಂತ ನಾನಂತೂ ಹೇಳಲಾರೆ.

ಪ್ರಶ್ನೆ: ಅಣುಬಾಂಬಿನ ಕಾಲದಲ್ಲೂ ಗಡಿಯಲ್ಲಿ ಧ್ವನಿವರ್ಧಕ ಹಾಕಿ ಜಗಳ ಆಡುತ್ತಾರಂತೆ. ನಗು ಬರುತ್ತದೆ.
— ನಿವೃತ್ತ ಗುಮಾಸ್ತ, ದಾವಣಗೆರೆ

ಉತ್ತರ: ಗಡಿಯಂಚಿನ ಗಂಗ್ವಾ ದ್ವೀಪದವರಿಗೆ ನಗು ಬರಲಿಲ್ಲ ಸ್ವಾಮಿ. ದಕ್ಷಿಣದ ಕಾರ್ಯಕರ್ತರು ಬಲೂನಿನಲ್ಲಿ ಕರಪತ್ರ ಕಳಿಸಿದರು. 2024ರ ಮೇ ಕೊನೆಯಿಂದ ಉತ್ತರದವರು ಸಿಗರೇಟಿನ ತುಂಡು, ಚಿಂದಿ ಬಟ್ಟೆ, ಕಾಗದದ ಕಸ ತುಂಬಿದ ಬಲೂನು ತೇಲಿಬಿಟ್ಟರು. ಅಧ್ಯಕ್ಷರ ಕಚೇರಿಯ ಅಂಗಳಕ್ಕೂ ಕಸ ಬಿತ್ತು. ದಕ್ಷಿಣ ಸೇನೆ 2018ರಲ್ಲಿ ನಿಲ್ಲಿಸಿದ್ದ ಧ್ವನಿವರ್ಧಕಗಳನ್ನು ಮತ್ತೆ ಹಾಕಿತು: ಸುದ್ದಿ, ಪಾಪ್ ಹಾಡು. ಉತ್ತರದ ಕಡೆಯಿಂದ ಹಾಡೂ ಬರಲಿಲ್ಲ, ಭಾಷಣವೂ ಬರಲಿಲ್ಲ. ಬಂದದ್ದು ಲೋಹ ಉಜ್ಜುವ ಕಿರ್ರೆನ್ನುವ ಸದ್ದು, ತೋಳ ಊಳಿಟ್ಟಂಥ ಕೂಗು, ಅದೂ ರಾತ್ರಿಯೆಲ್ಲ. ಗಡಿಯ ಈಚೆ ದಡದ ಹಳ್ಳಿಯವರು ಕಿಟಕಿಗೆ ಥರ್ಮೊಕೋಲ್ ಬಡಿದರು. ಮಕ್ಕಳಿಗೆ ನಿದ್ದೆಯಿಲ್ಲ. ಅಲ್ಲಿನ ತಾಯಿಯೊಬ್ಬಳು ಸಂಸತ್ತಿಗೆ ಬಂದು ಮಂಡಿಯೂರಿ ಬೇಡಿಕೊಂಡಳು.

ಕ್ಷಿಪಣಿ ತಲೆಯ ಮೇಲೆ ಹಾದುಹೋಗುತ್ತದೆ, ಅದರ ಚಿಂತೆ ರಾಜಧಾನಿಯವರದು. ಗಡಿಯ ಹಳ್ಳಿಗರ ಬದುಕು ಕೆಡಿಸಿದ್ದು ನಮ್ಮೂರ ಜಾತ್ರೆಯಲ್ಲೂ ಸಿಗುವ ಯಂತ್ರ. 2025ರ ಜೂನ್ 11ರಂದು ಹೊಸ ಅಧ್ಯಕ್ಷ ಲೀ ಜೇ-ಮ್ಯೊಂಗ್ ಸರ್ಕಾರ ತನ್ನ ಪ್ರಸಾರ ನಿಲ್ಲಿಸಿತು. ಮರುದಿನ ಆಚೆಯ ಸದ್ದೂ ನಿಂತಿತು. ಸುಮಾರು ಒಂದು ವರ್ಷ ಅನುಭವಿಸಿದ್ದು ಒಂದೇ ರಾತ್ರಿಯಲ್ಲಿ ನಿಲ್ಲುವಂಥದ್ದಾಗಿದ್ದರೆ ಮೊದಲೇ ಯಾಕೆ ನಿಲ್ಲಿಸಲಿಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಪ್ರಶ್ನೆ: ನಮ್ಮ ಜನರಲ್ ತಿಮ್ಮಯ್ಯನವರು ಅಲ್ಲಿಗೆ ಹೋಗಿದ್ದರಲ್ಲ, ಅವರನ್ನು ಬಿಟ್ಟೇಬಿಟ್ಟಿರಿ!
— ಒಬ್ಬ ಓದುಗ, ಮಡಿಕೇರಿ

ಉತ್ತರ: ಕೊಡಗಿನವರ ಮುನಿಸು ನ್ಯಾಯವೇ. ಯುದ್ಧ ನಿಂತಾಗ ತಮ್ಮ ದೇಶಕ್ಕೆ ವಾಪಸು ಹೋಗಲೊಲ್ಲದ 22 ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ಅವರ ಹಣೆಬರಹ ನಿರ್ಧರಿಸಬೇಕಾದ ತಟಸ್ಥ ದೇಶಗಳ ಆಯೋಗಕ್ಕೆ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರು, ಕಾವಲಿಗೆ ಮೇಜರ್ ಜನರಲ್ ಥೋರಟ್ ಅವರ ಭಾರತೀಯ ಪಡೆ. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀಗೆ ಭಾರತದ ಮೇಲೆ ಎಂಥ ಕೋಪವೆಂದರೆ, ನಮ್ಮ ಸೈನಿಕರು ತನ್ನ ನೆಲ ತುಳಿಯಬಾರದು ಅಂದುಬಿಟ್ಟ. ಹಡಗಿನಲ್ಲಿ ಇಂಚಾನ್‌ಗೆ ಬಂದವರನ್ನು ಅಮೆರಿಕದ ಹೆಲಿಕಾಪ್ಟರುಗಳು ಎತ್ತಿಕೊಂಡು ಹೋಗಿ ಸೇನಾರಹಿತ ವಲಯದಲ್ಲಿ ಇಳಿಸಿದವು. ಕೊನೆಗೆ ಆ ಕಡೆಯೂ ಬೇಡ, ಈ ಕಡೆಯೂ ಬೇಡ ಎಂದ 88 ಮಂದಿ 1954ರಲ್ಲಿ ನಮ್ಮ ಪಡೆಯೊಂದಿಗೆ ಭಾರತಕ್ಕೆ ಬಂದರು.

ಪ್ರಶ್ನೆ: ನಮ್ಮ ಸೈನ್ಯದ ವಜ್ರ ಫಿರಂಗಿ ಕೊರಿಯಾದ್ದೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಮೂಲ ಅಲ್ಲಿಯ ಕೆ9. ಇಲ್ಲಿಗೆ ಬೇಕಾದಂತೆ ಮಾರ್ಪಡಿಸಿ ಗುಜರಾತಿನ ಹಜೀರಾದಲ್ಲಿ ಎಲ್ ಅಂಡ್ ಟಿ ತಯಾರಿಸುತ್ತದೆ. 2010ರ ನವೆಂಬರ್ 23ರಂದು ಏಡಿ ಹಿಡಿದು ಬದುಕುವ ಯೊನ್‌ಪ್ಯೊಂಗ್ ದ್ವೀಪದ ಮೇಲೆ ಉತ್ತರದವರು ಗುಂಡಿನ ಮಳೆ ಸುರಿಸಿದಾಗ ತಿರುಗಿ ಹೊಡೆದದ್ದು ಕೆ9 ಫಿರಂಗಿಗಳೇ. ಅವುಗಳಲ್ಲಿ ಕೆಲವು ಆ ಹೊತ್ತಿಗೆ ಕೈಕೊಟ್ಟವು. ಇಬ್ಬರು ಸೈನಿಕರು, ಇಬ್ಬರು ಕಟ್ಟಡ ಕಾರ್ಮಿಕರು ಸತ್ತರು. ಕಂಪನಿಯ ಜಾಹೀರಾತಿನ ಜೊತೆ ಇದನ್ನೂ ಓದಿಕೊಳ್ಳಿ.