ಓದುಗರ ಪ್ರಶ್ನೆ – ಎಂಜಿನಿಯರ್ ಉತ್ತರ: ಟಾರ್ನೆಡೊ ಹೋದ ಮೇಲೆ ಬರುವವರು

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದ ಕೆಂಟಕಿಯಲ್ಲಿದ್ದಾರೆ. ಅವರ ಹಿಂದಿನ ಬೀದಿಯಲ್ಲಿ ಟಾರ್ನೆಡೊ ಹಾದುಹೋಗಿ ಮನೆಗಳು ಬುಡಸಮೇತ ಕಿತ್ತುಹೋದವು. ಬರೀ ಕಾಂಕ್ರೀಟ್ ನೆಲ ಉಳಿದಿದೆ. ಮಾರನೇ ದಿನ ಸರ್ವೆಯವರು ಬಂದು, ಫೋಟೊ ತೆಗೆದು, 'ಇಎಫ್-3' ಎಂದು ಬರೆದುಕೊಂಡು ಹೋದರಂತೆ. ಟಾರ್ನೆಡೊದ ಬಲ ಹೇಳುವ ಈ ಇಎಫ್ ನಂಬರ್ ಇರುವುದೇ ಐದರವರೆಗೆ. ಏನೂ ಉಳಿಯದ ಮೇಲೂ ಐದು ಯಾಕೆ ಕೊಡಲಿಲ್ಲ ಎಂದು ಮಗಳು ಫೋನಿನಲ್ಲಿ ಅಳುತ್ತಾಳೆ. ಕಡಿಮೆ ನಂಬರ್ ಬಂದರೆ ಪರಿಹಾರವೂ ಕಡಿಮೆಯಾಗುತ್ತದೆಯೇ?
– ಓದುಗಿ, ದಾವಣಗೆರೆ

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಪರಿಹಾರಕ್ಕೂ ಆ ನಂಬರಿಗೂ ಸಂಬಂಧವಿಲ್ಲ. ವಿಮೆಯವರು ನೋಡುವುದು ಪಾಲಿಸಿಯನ್ನು ಮತ್ತು ಮನೆಗೆ ಆದ ಹಾನಿಯನ್ನು. ಇಎಫ್-1 ಆದರೂ ಇಎಫ್-5 ಆದರೂ ಅವರ ಲೆಕ್ಕ ಬದಲಾಗುವುದಿಲ್ಲ. ಇದನ್ನು ಇವತ್ತೇ ಮಗಳಿಗೆ ಹೇಳಿ.

ಇನ್ನು ನಂಬರಿನ ವಿಷಯ. ನಾನು ಕಟ್ಟಡ ಎಂಜಿನಿಯರ್, ಅಲಬಾಮದ ಹಂಟ್ಸ್‌ವಿಲ್‌ನಲ್ಲಿ ಬಹಳ ಕಾಲದಿಂದ ಇದ್ದೇನೆ. 2011ರ ಏಪ್ರಿಲ್ 27ರಂದು ನಮ್ಮ ರಾಜ್ಯದ ಉದ್ದಗಲಕ್ಕೂ ಟಾರ್ನೆಡೊಗಳು ಎದ್ದವು. ಅವುಗಳಲ್ಲಿ ಒಂದು ಹ್ಯಾಕಲ್‌ಬರ್ಗ್, ಫಿಲ್ ಕ್ಯಾಂಬೆಲ್ ಊರುಗಳನ್ನು ನೆಲಸಮ ಮಾಡಿ, ಸುಮಾರು 210 ಕಿಲೋಮೀಟರ್ ದೂರ ಸಾಗಿ, 70ಕ್ಕೂ ಹೆಚ್ಚು ಜನರ ಜೀವ ತೆಗೆಯಿತು. ವಿದ್ಯುತ್ತಿನ ಮುಖ್ಯ ಲೈನುಗಳ ಟವರುಗಳು ಮುರಿದು ಬಿದ್ದು ನಮ್ಮ ಇಡೀ ಕೌಂಟಿ ದಿನಗಟ್ಟಲೆ ಕತ್ತಲಲ್ಲಿತ್ತು. ಆ ವಾರ ಹಾನಿ ನೋಡಲು ಹೊರಟ ಎಂಜಿನಿಯರುಗಳ ಜೊತೆ ನಾನೂ ಹೋಗಿದ್ದೆ. ಅಲ್ಲಿ ಕಂಡದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅಮೆರಿಕದ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಕಾಂಕ್ರೀಟ್ ನೆಲದ ಅಂಚಿನಲ್ಲಿ ಉದ್ದಕ್ಕೂ ಮರದ ಪಟ್ಟಿ ಕೂರಿಸಿ, ಅದರ ಮೇಲೆ ಗೋಡೆ ಎಬ್ಬಿಸುತ್ತಾರೆ. ಆ ಪಟ್ಟಿಯನ್ನು ನೆಲಕ್ಕೆ ಹಿಡಿದಿಡುವುದು ಕಾಂಕ್ರೀಟಿನಿಂದ ಮೇಲೆ ಚಾಚಿಕೊಂಡ ಆಂಕರ್ ಬೋಲ್ಟುಗಳು. ಬೋಲ್ಟಿನ ತಲೆಗೆ ವಾಷರ್ ಹಾಕಿ ನಟ್ ಬಿಗಿಯಬೇಕು. ನಾವು ನೋಡಿದ ಒಂದು ಬೀದಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳು ಹೋಗಿದ್ದವು. ದೂರದಿಂದ ನೋಡಿದರೆ ಎರಡೂ ಒಂದೇ: ಗುಡಿಸಿಟ್ಟಂತಹ ಖಾಲಿ ನೆಲ. ಹತ್ತಿರ ಹೋಗಿ ಮೊಣಕಾಲೂರಿ ಕುಳಿತಾಗ ವ್ಯತ್ಯಾಸ ಕಂಡಿತು. ಮೊದಲ ಮನೆಯಲ್ಲಿ ಬೋಲ್ಟುಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ್ದವು, ನಟ್ಟುಗಳು ಇನ್ನೂ ಬಿಗಿಯಾಗಿಯೇ ಇದ್ದವು, ವಾಷರಿನ ಅಡಿಯಲ್ಲಿ ಸೀಳಿದ ಮರದ ತುಣುಕು ಸಿಕ್ಕಿಕೊಂಡಿತ್ತು. ಅಂದರೆ ಆ ಮನೆ ತನ್ನ ಕೈಲಾದಷ್ಟು ಹಿಡಿದು ನಿಂತು, ಮರವೇ ಸೀಳಿದ ಮೇಲೆ ಹೋಯಿತು. ಪಕ್ಕದ ಮನೆಯ ಬೋಲ್ಟುಗಳು ನೆಟ್ಟಗೆ ನಿಂತಿದ್ದವು. ಥ್ರೆಡ್ ಹೊಸದರ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಯಾರೂ ಯಾವತ್ತೂ ನಟ್ ಹಾಕಿಯೇ ಇರಲಿಲ್ಲ! ಪಟ್ಟಿ ಮೇಲಕ್ಕೆ ಜಾರಿ ಬಂದಿತ್ತು, ಅಷ್ಟೇ.

ಸರ್ವೆಯವರು ಗಾಳಿಯನ್ನು ಕಣ್ಣಾರೆ ಕಂಡಿರುವುದಿಲ್ಲ. ಅದು ಬಿಟ್ಟುಹೋದದ್ದರಿಂದ ಅದರ ವೇಗವನ್ನು ಊಹಿಸಬೇಕು. ಇಎಫ್ ಮಾಪಕದಲ್ಲಿ 28 ಬಗೆಯ ವಸ್ತುಗಳಿಗೆ ಬೇರೆಬೇರೆ ಪಟ್ಟಿಗಳಿವೆ: ವಾಸದ ಮನೆ, ಮೊಬೈಲ್ ಮನೆ, ಶಾಲೆ, ಪೆಟ್ರೋಲ್ ಬಂಕಿನ ಚಾವಣಿ, ವಿದ್ಯುತ್ ಕಂಬ, ಮರ, ಹೀಗೆ. ವಾಸದ ಮನೆಗೆ ಹಾನಿಯ ಹತ್ತು ಹಂತಗಳು. ಹತ್ತನೆಯ ಹಂತವೇ ನಿಮ್ಮ ಮಗಳು ಕಂಡದ್ದು, ಮನೆ ಪೂರ್ತಿ ಹೋಗಿ ನೆಲ ಬೋಳಾಗುವುದು. ಚೆನ್ನಾಗಿ ಕಟ್ಟಿದ ಮನೆ ಆ ಸ್ಥಿತಿಗೆ ಬರಲು ಗಂಟೆಗೆ ಸುಮಾರು 322 ಕಿಲೋಮೀಟರ್ ಗಾಳಿ ಬೇಕು. ನಟ್ ಇಲ್ಲದ, ಬರೀ ಮೊಳೆ ಹೊಡೆದ ಮನೆಗೆ 266 ಕಿಲೋಮೀಟರ್ ಗಾಳಿಯೇ ಸಾಕು. ಇಎಫ್-3 ಮುಗಿದು ಇಎಫ್-4 ಶುರುವಾಗುವುದು ಅಲ್ಲಿಯೇ. ಇಎಫ್-5 ಬೇಕಾದರೆ 322 ದಾಟಬೇಕು. ಒಂದೇ ಹಾನಿ, ಎರಡು ನಂಬರ್. ಅಷ್ಟೇ ಅಲ್ಲ, ಮನೆಯೊಂದನ್ನೇ ನೋಡಿ ಅವರು ತೀರ್ಮಾನ ಮಾಡುವುದಿಲ್ಲ. ಅಂಗಳದ ಗಿಡಗಳ ತೊಗಟೆ ಸುಲಿದಿದೆಯೇ, ಹುಲ್ಲು ಬೇರುಸಹಿತ ಕಿತ್ತಿದೆಯೇ, ಕಾರು ಎಷ್ಟು ದೂರ ಉರುಳಿದೆ ಎಂದೂ ನೋಡುತ್ತಾರೆ. ಮನೆ ಮಾಯವಾಗಿದ್ದರೂ ಹತ್ತು ಹೆಜ್ಜೆ ಆಚೆಯ ಪೊದೆಯಲ್ಲಿ ಎಲೆ ಉಳಿದಿದ್ದರೆ ಅನುಮಾನ ಬರುತ್ತದೆ.

2014ರ ಏಪ್ರಿಲ್ 27ರಂದು ಅರ್ಕನ್ಸಾಸ್‌ನ ವಿಲೋನಿಯಾ ಊರಿನಲ್ಲಿಯೂ ಹೀಗೇ ಆಗಿತ್ತು. ಇಡೀ ಬಡಾವಣೆ ಹೋಗಿದ್ದರೂ ಮನೆಗಳನ್ನು ನೆಲಕ್ಕೆ ಹಿಡಿದಿಟ್ಟ ರೀತಿ ಸರಿಯಿರಲಿಲ್ಲವೆಂದು ಇಎಫ್-4ಕ್ಕೇ ನಿಲ್ಲಿಸಿದರು. ಅದರ ಬಗ್ಗೆ ಹವಾಮಾನ ಬಲ್ಲವರಲ್ಲಿಯೇ ಜಗಳವಾಯಿತು. ನನ್ನ ಅಭಿಪ್ರಾಯ ಕೇಳಿದರೆ, ನಂಬರಿನ ಜಗಳಕ್ಕಿಂತ ಆ ಖಾಲಿ ಬೋಲ್ಟಿನ ಫೋಟೊ ದೊಡ್ಡದು. ಮನೆ ಕಟ್ಟಿದವನು ಕೆಲವು ಡಾಲರಿನ ನಟ್ಟು, ವಾಷರು, ಛಾವಣಿಗೆ ಒಂದಷ್ಟು ತಗಡಿನ ಕ್ಲಿಪ್ಪು ಉಳಿಸಿಕೊಂಡಿದ್ದಾನೆ. ಇಎಫ್-5 ಬಂದರೆ ಇವು ಯಾರನ್ನೂ ಕಾಯುವುದಿಲ್ಲ, ಒಪ್ಪುತ್ತೇನೆ. ಆದರೆ ಬರುವ ಟಾರ್ನೆಡೊಗಳಲ್ಲಿ ಬಹುಪಾಲು ಇಎಫ್-0, ಇಎಫ್-1. ದೊಡ್ಡ ಟಾರ್ನೆಡೊದಲ್ಲಿಯೂ ನಡುವಿನ ಕಿರಿದಾದ ಪಟ್ಟೆ ಬಿಟ್ಟರೆ ಅಂಚುಗಳಲ್ಲಿ ಗಾಳಿ ಕಡಿಮೆ. ಅಲ್ಲಿ ಮನೆ ನಿಲ್ಲುವುದೂ ಬೀಳುವುದೂ ಈ ಸಣ್ಣ ಸಾಮಾನಿನ ಮೇಲಿದೆ. ನಿಮ್ಮ ಮಗಳು ಮುಂದೆ ಮನೆ ಕೊಳ್ಳುವಾಗ ಗ್ರಾನೈಟ್ ಯಾವ ಬಣ್ಣ ಎಂದು ಕೇಳುವ ಮೊದಲು ಇದನ್ನು ಕೇಳಲಿ.

ಪ್ರಶ್ನೆ: ಟಾರ್ನೆಡೊ ಅಳೆಯುವ ಮಾಪಕ ಕಂಡುಹಿಡಿದವರು ಜಪಾನಿನವರು ಎಂದು ನಮ್ಮ ಲೆಕ್ಚರರ್ ಹೇಳಿದರು. ಟಾರ್ನೆಡೊ ಅಮೆರಿಕದ್ದಲ್ಲವೇ?
– ಸಿವಿಲ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹೌದು, ತೆತ್ಸುಯ ಫುಜಿತ. 1920ರಲ್ಲಿ ಕ್ಯೂಶೂ ದ್ವೀಪದಲ್ಲಿ ಹುಟ್ಟಿದವರು. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬ್ ಬೀಳಬೇಕಿದ್ದದ್ದು ಕೊಕುರ ನಗರದ ಮೇಲೆ. ಫುಜಿತ ಪಾಠ ಹೇಳುತ್ತಿದ್ದ ಕಾಲೇಜು ಅದರ ಪಕ್ಕದಲ್ಲೇ ಇತ್ತು. ಅವತ್ತು ಕೊಕುರ ಕಾಣಿಸದಷ್ಟು ಮಬ್ಬು ಕವಿದಿದ್ದರಿಂದ ವಿಮಾನ ನಾಗಸಾಕಿಗೆ ಹೋಯಿತು. ಆಮೇಲೆ ಫುಜಿತ ನಾಗಸಾಕಿಗೆ ಹೋಗಿ, ಯಾವ ಮರ ಯಾವ ಕಡೆಗೆ ಬಿದ್ದಿದೆ, ಸುಟ್ಟ ಗುರುತು ಯಾವ ಕಡೆಗಿದೆ ಎಂದು ಅಳೆದು, ಬಾಂಬ್ ಎಷ್ಟು ಎತ್ತರದಲ್ಲಿ ಸಿಡಿಯಿತು ಎಂದು ಲೆಕ್ಕ ಹಾಕಿದರು. ಬಿದ್ದದ್ದನ್ನು ನೋಡಿ ಬೀಳಿಸಿದ್ದರ ಬಲ ತಿಳಿಯುವ ಕೆಲಸ ಅವರಿಗೆ ಒಗ್ಗಿದ್ದು ಅಲ್ಲಿ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದರು, 1971ರಲ್ಲಿ ಎಫ್ ಮಾಪಕ ಕೊಟ್ಟರು.

1974ರ ಏಪ್ರಿಲ್ 3 ಮತ್ತು 4ರಂದು 13 ರಾಜ್ಯಗಳಲ್ಲಿ 148 ಟಾರ್ನೆಡೊಗಳು ಬಂದಾಗ ಅವರು ಸಣ್ಣ ವಿಮಾನದಲ್ಲಿ ಹಾರಾಡಿ ಒಂದೊಂದರ ಜಾಡನ್ನೂ ನಕ್ಷೆಗಿಳಿಸಿದರು. ನಿಮ್ಮ ಓದಿಗೆ ಬೇಕಾದ್ದು ಮುಂದಿನ ಮಾತು. ಅವರ ಹಳೆಯ ಮಾಪಕದಲ್ಲಿ ಎಫ್-5ಕ್ಕೆ ಗಾಳಿಯ ವೇಗ ಗಂಟೆಗೆ 420 ಕಿಲೋಮೀಟರಿನಿಂದ ಮೇಲೆ ಇತ್ತು. ಮನೆಗಳು ಅದಕ್ಕಿಂತ ತುಂಬ ಕಡಿಮೆ ಗಾಳಿಗೇ ಕಿತ್ತುಹೋಗುತ್ತವೆ ಎಂದು ಎಂಜಿನಿಯರುಗಳು ತೋರಿಸಿದರು. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಕೆಲಸದಿಂದ ತಿದ್ದಿದ ಮಾಪಕ ತಯಾರಾಗಿ 2007ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಇಎಫ್, ಅಂದರೆ 'ಎನ್‌ಹಾನ್ಸ್‌ಡ್ ಫುಜಿತ', ಅದೇ. ಸಿವಿಲ್ ಓದಿದವರು ಹವಾಮಾನ ಶಾಸ್ತ್ರಕ್ಕೆ ಕೊಟ್ಟ ದೊಡ್ಡ ಕಾಣಿಕೆ ಇದು ಎಂಬ ಹೆಮ್ಮೆ ನನಗಿದೆ, ನಿಮಗೂ ಇರಲಿ.

ಪ್ರಶ್ನೆ: ಮಳೆಗಾಲಕ್ಕೆ ಮುಂಚಿನ ಗಾಳಿಗೆ ನಮ್ಮ ಎರಡು ಎಕರೆ ಬಾಳೆ ಮಲಗಿಬಿಟ್ಟಿತು. ಎಲ್ಲ ಗಿಡಗಳೂ ಪೂರ್ವಕ್ಕೇ ಬಿದ್ದಿವೆ. ಟಿವಿಯಲ್ಲಿ ತೋರಿಸಿದ ಹಾಗೆ ಟಾರ್ನೆಡೊ ಎಂದು ಊರವರು ಹೇಳುತ್ತಾರೆ. ನಮ್ಮಲ್ಲೂ ಅದು ಬರುತ್ತದೆಯೇ?
– ರೈತರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಫಲಕ್ಕೆ ಬಂದ ಬಾಳೆ ಮಲಗುವ ಸಂಕಟ ನನಗೆ ಗೊತ್ತು, ನಮ್ಮ ತಂದೆಯ ತೋಟದಲ್ಲಿ ನೋಡಿದ್ದೇನೆ. ಮುಖ್ಯವಾದ ಸಾಕ್ಷಿಯನ್ನು ನೀವೇ ಬರೆದಿದ್ದೀರಿ. ಟಾರ್ನೆಡೊ ಹಾದುಹೋದಲ್ಲಿ ಒಂದು ಕಿರಿದಾದ ಜಾಡು ಇರುತ್ತದೆ, ಅದರ ಎರಡೂ ಬದಿಯ ಗಿಡಗಳು ಜಾಡಿನ ನಡುವಿನ ಕಡೆಗೆ ತಲೆಹಾಕಿ, ಒಂದರ ಮೇಲೊಂದು ಅಡ್ಡಡ್ಡ ಬಿದ್ದಿರುತ್ತವೆ. ನಿಮ್ಮಲ್ಲಿ ಎಲ್ಲವೂ ಒಂದೇ ಕಡೆಗೆ ಬಿದ್ದಿವೆ. ಗುಡುಗಿನ ಮೋಡದಿಂದ ತಣ್ಣನೆಯ ಗಾಳಿ ಧೊಪ್ಪನೆ ಕೆಳಗಿಳಿದು ನೆಲಕ್ಕೆ ಬಡಿದು ಹೊರಕ್ಕೆ ಹರಡಿದಾಗ ಹೀಗಾಗುತ್ತದೆ. ಇದನ್ನು ಡೌನ್‌ಬರ್ಸ್ಟ್ ಎನ್ನುತ್ತಾರೆ. ಅಕ್ಕಪಕ್ಕದ ಹೊಲಗಳನ್ನೂ ಸೇರಿಸಿ ನೋಡಿದರೆ ಗಿಡಗಳು ಒಂದು ಜಾಗದಿಂದ ಬೀಸಣಿಗೆ ಬಿಚ್ಚಿದ ಹಾಗೆ ಹೊರಮುಖವಾಗಿ ಬಿದ್ದಿರುವುದು ಕಾಣಬಹುದು. ಇದನ್ನು ಗುರುತಿಸಿದವರೂ ಫುಜಿತ ಅವರೇ. 1974ರಲ್ಲಿ ವಿಮಾನದಿಂದ ಕಾಡಿನಲ್ಲಿ ಹೀಗೆ ಹರಡಿ ಬಿದ್ದ ಮರಗಳನ್ನು ಕಂಡಿದ್ದರು. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಬಿದ್ದದ್ದಕ್ಕೆ ಇಂಥದೇ ಗಾಳಿ ಕಾರಣ ಎಂದು ಮುಂದೆ ತೋರಿಸಿಕೊಟ್ಟರು. ಡೌನ್‌ಬರ್ಸ್ಟ್ ಟಾರ್ನೆಡೊಗಿಂತ ಸಣ್ಣದು ಎಂದು ತಿಳಿಯಬೇಡಿ. ಇಎಫ್-1 ಮಟ್ಟದ ಹಾನಿಯನ್ನು ಅದೂ ಸುಲಭವಾಗಿ ಮಾಡುತ್ತದೆ.

ಟಾರ್ನೆಡೊ ನಮ್ಮ ಉಪಖಂಡಕ್ಕೂ ಬರುತ್ತದೆ, ಹೆಚ್ಚಾಗಿ ಬಂಗಾಳದ ಕಡೆಗೆ. 2024ರ ಮಾರ್ಚ್ 31ರಂದು ಜಲ್ಪೈಗುರಿ ಜಿಲ್ಲೆಯ ಮೈನಾಗುರಿಯಲ್ಲಿ ಬಂತು. ಜಗತ್ತಿನಲ್ಲೇ ಅತಿ ಹೆಚ್ಚು ಜನರನ್ನು ಕೊಂದ ಟಾರ್ನೆಡೊ ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾದಲ್ಲಿ 1989ರ ಏಪ್ರಿಲ್ 26ರಂದು ಬಂದದ್ದು. ಸತ್ತವರು ಸುಮಾರು 1,300 ಎಂಬ ಅಂದಾಜಿದೆ.

ನಿಮಗೊಂದು ಕೆಲಸ ಹೇಳುತ್ತೇನೆ. ಬಿದ್ದ ಗಿಡ ಕಡಿದು ಹಾಕುವ ಮುನ್ನ ತೋಟದ ನಾಲ್ಕೂ ಮೂಲೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಲೊಕೇಶನ್ ಆನ್ ಇರಲಿ. ಯಾವ ದಿಕ್ಕಿಗೆ ಬಿದ್ದಿವೆ, ಗಾಳಿ ಎಷ್ಟು ಹೊತ್ತಿಗೆ ಬಂತು, ಆಲಿಕಲ್ಲು ಬಿತ್ತೇ ಎಂದು ಬರೆದಿಡಿ. ಬೆಳೆಹಾನಿ ಅರ್ಜಿಗೂ ಆಗುತ್ತದೆ, ಹವಾಮಾನ ಇಲಾಖೆಯವರು ಕೇಳಿದರೆ ಅವರಿಗೂ ಆಗುತ್ತದೆ.

ಪ್ರಶ್ನೆ: ರಾಡಾರ್ ಇರುವ ಕಾಲದಲ್ಲಿ ಮುರಿದ ಮನೆ ನೋಡಿ ವೇಗ ಊಹಿಸುವುದೇಕೆ?
– ಓದುಗರು, ಮೈಸೂರು

ಉತ್ತರ: ರಾಡಾರಿನ ಕಿರಣ ದೂರ ಹೋದಂತೆ ಮೇಲೇರುತ್ತದೆ. ಆದ್ದರಿಂದ ಅದು ಕಾಣುವುದು ಎತ್ತರದ ಗಾಳಿಯನ್ನು, ಮನೆಗೆ ಬಡಿಯುವ ಗಾಳಿಯನ್ನಲ್ಲ. ಲಾರಿಯ ಮೇಲೆ ರಾಡಾರ್ ಕಟ್ಟಿಕೊಂಡು ಹತ್ತಿರ ಹೋಗುವವರಿದ್ದಾರೆ, ಆದರೆ ಸಾವಿರಾರು ಟಾರ್ನೆಡೊಗಳಲ್ಲಿ ಅವರಿಗೆ ಸಿಗುವುದು ಬೆರಳೆಣಿಕೆಯಷ್ಟು. ಸಿಕ್ಕರೂ ತೊಡಕು ತಪ್ಪಲಿಲ್ಲ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ ಬಂದ ಟಾರ್ನೆಡೊ 4.2 ಕಿಲೋಮೀಟರ್ ಅಗಲವಿತ್ತು. ಅಂಥ ರಾಡಾರ್ ಗಂಟೆಗೆ 460 ಕಿಲೋಮೀಟರ್ ಮೀರಿದ ಗಾಳಿಯನ್ನು ಅಳೆಯಿತು. ಆದರೆ ಅದು ಓಡಿದ್ದು ಹೆಚ್ಚಾಗಿ ಬಯಲಲ್ಲಿ. ಕಟ್ಟಡಗಳ ಹಾನಿ ಇಎಫ್-3 ದಾಟಲಿಲ್ಲವೆಂದು ಮೊದಲು ಕೊಟ್ಟಿದ್ದ ಐದನ್ನು ಮೂರಕ್ಕೆ ಇಳಿಸಿದರು. ಟಿಮ್ ಸಮಾರಸ್ ಎಂಬ ಅನುಭವಿ ಸಂಶೋಧಕ, ಅವರ ಮಗ ಮತ್ತು ಜೊತೆಗಾರ ಅದೇ ಟಾರ್ನೆಡೊದಲ್ಲಿ ತೀರಿಕೊಂಡರು. ಅಳೆದ ಗಾಳಿಯನ್ನು ದಾಖಲೆಯಲ್ಲಿ ಪಕ್ಕದ ಕಾಲಮ್ಮಿನಲ್ಲಾದರೂ ಬರೆಯುವ ಪದ್ಧತಿ ಬರಬೇಕು ಎಂದು ನನಗನಿಸುತ್ತದೆ.

ಹಾನಿಯನ್ನು ಓದುವ ವಿದ್ಯೆಯೂ ನಿಂತಲ್ಲೇ ನಿಂತಿಲ್ಲ. 2025ರ ಜೂನ್ 20ರಂದು ನಾರ್ತ್ ಡಕೋಟದ ಎಂಡರ್ಲಿನ್ ಬಳಿ ಟಾರ್ನೆಡೊ ಗೂಡ್ಸ್ ರೈಲನ್ನು ಉರುಳಿಸಿತು. ಮೊದಲು ಇಎಫ್-3 ಎಂದಿದ್ದರು. ಧಾನ್ಯ ತುಂಬಿದ ವ್ಯಾಗನ್ ಮಗುಚಲು, ಖಾಲಿ ಟ್ಯಾಂಕರ್ ವ್ಯಾಗನ್ ಸುಮಾರು 145 ಮೀಟರ್ ದೂರ ಹೋಗಿ ಬೀಳಲು ಎಷ್ಟು ಗಾಳಿ ಬೇಕು ಎಂದು ಎಂಜಿನಿಯರುಗಳು ಲೆಕ್ಕ ಹಾಕಿದ ಮೇಲೆ ಅಕ್ಟೋಬರಿನಲ್ಲಿ ಅದನ್ನು ಇಎಫ್-5 ಎಂದು ಘೋಷಿಸಿದರು. 2013ರ ಮೇ 20ರ ಮೂರ್ ಟಾರ್ನೆಡೊ ಆದಮೇಲೆ ಅಮೆರಿಕದಲ್ಲಿ ಇಎಫ್-5 ಬಂದದ್ದು ಅದೇ ಮೊದಲು.

ಪ್ರಶ್ನೆ: ಏಪ್ರಿಲ್‌ನಲ್ಲಿ ಮಗನ ಮನೆಗೆ ಅಲಬಾಮಕ್ಕೆ ಬರುತ್ತಿದ್ದೇವೆ. ಸೈರನ್ ಆದರೆ ಏನು ಮಾಡಬೇಕು?
– ನಿವೃತ್ತ ದಂಪತಿ, ಬೆಂಗಳೂರು

ಉತ್ತರ: 'ಟಾರ್ನೆಡೊ ವಾಚ್' ಎಂದರೆ ಬರುವ ಸಂಭವ ಇದೆ, ಮೊಬೈಲ್ ಚಾರ್ಜ್ ಮಾಡಿಕೊಂಡು ಎಚ್ಚರವಾಗಿರಿ. 'ವಾರ್ನಿಂಗ್' ಎಂದರೆ ಆಗಲೇ ಒಳಗೆ ಹೋಗಬೇಕು. ನೆಲಮಾಳಿಗೆ ಇದ್ದರೆ ಅಲ್ಲಿಗೆ. ಇಲ್ಲದಿದ್ದರೆ ಕೆಳ ಅಂತಸ್ತಿನ ಮಧ್ಯದ, ಕಿಟಕಿಯಿಲ್ಲದ ಬಚ್ಚಲುಮನೆ ಅಥವಾ ಬಟ್ಟೆ ಇಡುವ ಕೋಣೆಗೆ. ಕಿಟಕಿ ತೆಗೆದಿಟ್ಟರೆ ಮನೆ ಉಳಿಯುತ್ತದೆ ಎಂಬ ಹಳೆಯ ನಂಬಿಕೆ ಸುಳ್ಳು, ಅದಕ್ಕೆ ಸಮಯ ಹಾಳುಮಾಡಬೇಡಿ. ವಿಡಿಯೊ ಮಾಡಲು ಬಾಲ್ಕನಿಗೂ ಹೋಗಬೇಡಿ. ಮೊಮ್ಮಕ್ಕಳ ಸೈಕಲ್ ಹೆಲ್ಮೆಟ್ ಇದ್ದರೆ ಅವರಿಗೆ ಹಾಕಿ, ನೀವೂ ಒಂದೊಂದು ಹಾಕಿಕೊಳ್ಳಿ. ಬಂದ ಮೊದಲ ದಿನವೇ ಆ ಕೋಣೆ ಯಾವುದೆಂದು ಮಗನ ಹತ್ತಿರ ಕೇಳಿ, ಒಂದು ಸಲ ಒಳಗೆ ಕೂತು ನೋಡಿ. ನಿಮ್ಮ ಬಿಪಿ ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್ ಒಂದೇ ಚೀಲದಲ್ಲಿರಲಿ. ಕಾಲಿಗೆ ಶೂ ಹಾಕಿಕೊಂಡೇ ಒಳಗೆ ಹೋಗಿ. ನಮ್ಮವರು ಮನೆಯೊಳಗೆ ಬರಿಗಾಲಲ್ಲಿರುತ್ತಾರೆ, ಆದರೆ ಗಾಳಿ ಹೋದ ಮೇಲೆ ಹೊರಗೆಲ್ಲ ಗಾಜು, ಮೊಳೆ ಬಿದ್ದಿರುತ್ತದೆ.