ಬಿಟ್ಟ ಮೇಲೂ ಕಣ್ಣು ಪೊಟ್ಟಣದ ಮೇಲೇ ಏಕೆ?

ಪ್ರಶ್ನೆ: ಪಾನ್ ಮಸಾಲಕ್ಕೆ ತಂಬಾಕು ಬೆರೆಸಿ ತಿನ್ನುತ್ತಿದ್ದೆ. ಬಿಟ್ಟು ಎರಡು ತಿಂಗಳಾಯಿತು. ಆದರೂ ಪೇಟೆಗೆ ಹೋದರೆ ಗೂಡಂಗಡಿಯಲ್ಲಿ ತೂಗುಬಿಟ್ಟ ಪೊಟ್ಟಣದ ಸರವೇ ಮೊದಲು ಕಾಣುತ್ತದೆ. ರಾತ್ರಿ ಅಡಿಕೆ ಸುಲಿಯಲು ಕೂತಾಗಂತೂ ತಡೆಯಲಾಗುವುದಿಲ್ಲ. ನನ್ನ ಮನಸ್ಸು ಗಟ್ಟಿಯಿಲ್ಲವೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮನಸ್ಸಿನ ಗಟ್ಟಿತನಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ಕೊರಗು ಬಿಡಿ. ತಂಬಾಕಿನಲ್ಲಿರುವ ನಿಕೋಟಿನ್ ಮಿದುಳಿನಲ್ಲಿ ‘ಬೇಕು’ ಅನ್ನಿಸುವ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ಪೊಟ್ಟಣದ ಬಣ್ಣ, ಅದನ್ನು ಹರಿಯುವ ಸದ್ದು, ಜತೆಗೆ ಕೂರುವವರ ಮುಖ, ಇವೇ ಆ ಕೆಲಸ ಮಾಡತೊಡಗುತ್ತವೆ. ನೀವು ಯೋಚಿಸುವ ಮೊದಲೇ ಕಣ್ಣು ಹೊರಳಿರುತ್ತದೆ. ತಿಂದರೆ ಸುಖ ಸಿಗದಿದ್ದರೂ ‘ಬೇಕು’ ಅನ್ನಿಸುವುದು ಮಾತ್ರ ಉಳಿಯುತ್ತದೆ ಎಂದು ಚಟದ ಬಗ್ಗೆ ಅಧ್ಯಯನ ಮಾಡಿದ ವಿಜ್ಞಾನಿಗಳಾದ ರಾಬಿನ್ಸನ್ ಮತ್ತು ಬೆರಿಜ್ 1993ರಲ್ಲೇ ವಿವರಿಸಿದ್ದಾರೆ. ಪದದ ಅರ್ಥ ಬಿಟ್ಟು ಅದರ ಶಾಯಿಯ ಬಣ್ಣವನ್ನಷ್ಟೇ ಹೇಳಿ ಎಂದರೂ ಸಿಗರೇಟಿನ ಪದ ಬಂದಾಗ ಸೇದುವವರು ತಡವರಿಸುವುದು ಪ್ರಯೋಗಗಳಲ್ಲಿ ಕಂಡಿದೆ. ನೋಟ ನೆಟ್ಟಷ್ಟೂ ಆಸೆ ಏರುತ್ತದೆ, ಆಸೆ ಏರಿದಷ್ಟೂ ನೋಟ ಕೀಳಲಾಗುವುದಿಲ್ಲ.

ಹಾಗಾಗಿ ಅಂಗಡಿ ಮುಂದೆ ನಿಂತು ಹೋರಾಡಬೇಡಿ. ಎಲ್ಲಿ ರಸ್ತೆ ದಾಟಬೇಕು, ಪೊಟ್ಟಣ ತೂಗುಹಾಕದ ಯಾವ ಹೋಟೆಲಿನಲ್ಲಿ ಚಹಾ ಕುಡಿಯಬೇಕು ಎಂಬುದನ್ನು ಮನೆಯಿಂದ ಹೊರಡುವಾಗಲೇ ಗೊತ್ತುಮಾಡಿಕೊಳ್ಳಿ. ಹಳೆಯ ಅಂಗಿಯ ಜೇಬು, ಬೈಕಿನ ಡಬ್ಬಿ, ಕೊಟ್ಟಿಗೆಯ ಗೂಡು ತಡಕಿ ಖಾಲಿ ಪೊಟ್ಟಣವನ್ನೂ ಎಸೆಯಿರಿ.

ಸುಲಿಯುವ ರಾತ್ರಿಯೇ ನಿಮಗೆ ಕಠಿಣ. ಮೆಟ್ಟುಗತ್ತಿಯನ್ನು ಜಗಿಯುವವರಿಂದ ದೂರ ಹಾಕಿಕೊಳ್ಳಿ, ‘ನನಗೆ ನೀಡಬೇಡಿ’ ಎಂದು ಕೂರುವ ಮೊದಲೇ ಹೇಳಿಬಿಡಿ. 2 ಮಿಲಿಗ್ರಾಂ ನಿಕೋಟಿನ್ ಚ್ಯೂಯಿಂಗ್ ಗಮ್ ನೆರವಾಗಬಹುದು. ಹೃದಯದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ. ಗಮ್ ಅನ್ನು ಪಾನ್ ಮಸಾಲದಂತೆ ಅಗಿದು ರಸ ನುಂಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ವಾಕರಿಕೆ ಬರುತ್ತದೆ, ಉಪಯೋಗವೂ ಆಗದು. ಅನೇಕರು ಕೈಬಿಡುವುದು ಇಲ್ಲೇ. ಬಾಯಿ ಚುರುಗುಟ್ಟುವವರೆಗೆ ನಿಧಾನ ಅಗಿದು ಕೆನ್ನೆ–ವಸಡಿನ ನಡುವೆ ಇಡಿ. ಚುರುಚುರು ಇಳಿದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಗಮ್ ಹಾಕುವ 15 ನಿಮಿಷ ಮೊದಲಿನಿಂದ ಕಾಫಿ, ಹುಳಿ ಪಾನೀಯ ಬೇಡ. ಅವು ನಿಕೋಟಿನ್ ಹೀರಿಕೊಳ್ಳುವುದನ್ನು ತಡೆಯುತ್ತವೆ. ಆಸೆಯ ತೀವ್ರತೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ, ಆಗ ಎದ್ದು ಸುಲಿದ ಬುಟ್ಟಿ ಸಾಗಿಸಿ ಬನ್ನಿ.

ತಂಬಾಕಿನ ಬದಲು ಬರೀ ಅಡಿಕೆ ಹಾಕಿಕೊಳ್ಳುವುದು ಬೇಡ. ಅಡಿಕೆಯೇ ಅನ್ನವಾದ ಮಲೆನಾಡಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೆ ಅದರಲ್ಲಿರುವ ಅರೆಕೋಲಿನ್ ಎಂಬ ಅಂಶ ಕೂಡ ಚಟ ಹಿಡಿಸುತ್ತದೆ, ಅಡಿಕೆ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲೂ ಇದೆ. ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ಒಳಗೆ ಬಿಳಿ ಮಚ್ಚೆ ಕಂಡರೆ ದಂತವೈದ್ಯರಿಗೆ ತೋರಿಸಿ. ತಂಬಾಕು ಬಿಡುವವರಿಗೆ 1800-112-356 ಉಚಿತ ಸಹಾಯವಾಣಿಯಿದೆ.