ಆ ಹಳೇ ಬಾಟ್‌ಗಳು ಎಲ್ಲಿ ಹೋದವು?

ಪ್ರಶ್ನೆ: ನಮ್ಮೂರಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರ್ ಜೊತೆಗೇ ಆಡೋಣ ಅಂದರೆ ಎಷ್ಟೋ ಹೊಸ ಶೂಟಿಂಗ್ ಆಟಗಳಲ್ಲಿ ಬಾಟ್‌ಗಳೇ (ಕಂಪ್ಯೂಟರೇ ಆಡಿಸುವ ಆಟಗಾರರು) ಇರುವುದಿಲ್ಲ. ಯಾಕೆ ಸಾರ್?
– ಒಬ್ಬ ಓದುಗ, ತೀರ್ಥಹಳ್ಳಿ

ಉತ್ತರ: ನನ್ನ ಗೋಳೂ ಇದೇ! 1999ರ ಅನ್‌ರಿಯಲ್ ಟೂರ್ನಮೆಂಟ್ ಅನ್ನೋ ಶೂಟಿಂಗ್ ಆಟ ನನ್ನ ಹಳೇ ಕಂಪ್ಯೂಟರಿನಲ್ಲಿ ಇನ್ನೂ ಇದೆ. ಊಟ ಆದಮೇಲೆ ಒಂದಾಟ ಆಡದಿದ್ದರೆ ನಿದ್ದೆ ಬರುವುದಿಲ್ಲ. ಬಾಟ್‌ಗಳ ಜಾಣತನಕ್ಕೆ ಅದರಲ್ಲಿ ಎಂಟು ಮೆಟ್ಟಿಲು. ಕೊನೆಯದು 'ಗಾಡ್‌ಲೈಕ್', ಅಂದರೆ ದೇವರಂಥದ್ದು. ನಾನು ನಾಲ್ಕನೆಯದರಲ್ಲೇ ಏದುಸಿರು ಬಿಡುತ್ತೇನೆ. ನಮ್ಮ ತಂಡದ ಬಾಟ್‌ಗೆ 'ಬಾವುಟ ಕಾಯಿ' ಅಂತ ಹೇಳಿದರೆ ಹೋಗಿ ಕಾಯುತ್ತದೆ. ಮನೆಯಲ್ಲಿ ಯಾರೂ ಅಷ್ಟು ಮಾತು ಕೇಳಲ್ಲ, ಬಿಡಿ. ಈ ಬಾಟ್‌ಗಳ ಪ್ರೋಗ್ರಾಂ ಬರೆದ ಸ್ಟೀವ್ ಪೋಲ್ಜ್ ಅದಕ್ಕೂ ಮೊದಲು ಕ್ವೇಕ್ ಅನ್ನೋ ಇನ್ನೊಂದು ಶೂಟಿಂಗ್ ಆಟಕ್ಕೆ ಹವ್ಯಾಸಕ್ಕೆಂದು 'ರೀಪರ್ ಬಾಟ್' ಮಾಡಿದ್ದವರು.

ಬಾಟ್‌ಗೆ ನಮ್ಮ ಹಾಗೆ ಕಣ್ಣಿಲ್ಲ. ಎಲ್ಲಿ ನಡೆಯಬೇಕು, ಎಲ್ಲಿ ಹಾರಬೇಕು ಅಂತ ಪ್ರತಿ ಮ್ಯಾಪಿನಲ್ಲೂ (ಆಟ ನಡೆಯುವ ಜಾಗ) ಗುರುತು ಹಾಕಿಡಬೇಕು. ಅದು ಸುಮ್ನೆ ಆಗುವ ಕೆಲಸವಲ್ಲ. ಆನ್‌ಲೈನಿನಲ್ಲಿ ಮನುಷ್ಯರೇ ಪುಕ್ಕಟೆ ಎದುರಾಳಿಗಳಾಗಿ ಸಿಗುವಾಗ ಕಂಪನಿಗೆ ಆ ಖರ್ಚು ಯಾಕೆ, ಅಲ್ವಾ? 2005ರ ಬ್ಯಾಟಲ್‌ಫೀಲ್ಡ್ 2ರಲ್ಲಿ ಬಾಟ್ ಇದ್ದವು. 2011ರ ಬ್ಯಾಟಲ್‌ಫೀಲ್ಡ್ 3ರ ಮಲ್ಟಿಪ್ಲೇಯರಿನಲ್ಲಿ (ಹಲವರು ಸೇರಿ ಆಡುವ ಆಟ) ಇಲ್ಲ. ಪಬ್‌ಜಿಯಲ್ಲೇನೋ ಇವೆ, ಆದರೆ ಜನ ಸಾಲದಾಗ ಜಾಗ ತುಂಬಲು. ನೆಟ್ ಹೋದರೆ ಅವೂ ಹೋದವು.

2023ರಲ್ಲಿ ಅನ್‌ರಿಯಲ್ ಟೂರ್ನಮೆಂಟಿನ ಆನ್‌ಲೈನ್ ಸರ್ವರುಗಳನ್ನು ಕಂಪನಿ ನಿಲ್ಲಿಸಿತು. ನನ್ನ ಕಂಪ್ಯೂಟರಿನಲ್ಲೇ ಇರುವ ಬಾಟ್‌ಗಳಿಗೆ ಅದು ಗೊತ್ತೇ ಇಲ್ಲ. ನಿನ್ನೆ ರಾತ್ರಿಯೂ ನನ್ನನ್ನು 25–19ರಲ್ಲಿ ಸೋಲಿಸಿದವು. ನೀವು ಬಾಟ್‌ಗಳಿರುವ ಕ್ವೇಕ್ 3 ಹಾಕಿಕೊಳ್ಳಿ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.